ಅಕ್ಕನಿಗೆ ಓದಿ ಹೇಳದ ಕೊನೆಯ ಅಧ್ಯಾಯ

ಆ ಕಾದಂಬರಿಯ ಕೊನೆಯನ್ನು ನಾನು ಅಕ್ಕನಿಗೆ ಓದಿ ಹೇಳಲಿಲ್ಲ. ಓದಿದೆನೆಂದು ನಂಬಿಸಿದೆ. ಇವತ್ತು ಹಿಟ್ಟಿನ ಡಬ್ಬಿಯ ಹಿಂದೆ ಕೈಯಾಡಿಸುವಾಗ ಅದೇ ಪುಸ್ತಕ ಸಿಕ್ಕಿತು. ರಟ್ಟಿನ ಮೇಲೆ ನನ್ನ ಬೆರಳಿನ ಗುರುತು, ಜೋಳದ ಹಿಟ್ಟಿನದು. ಗ್ರಂಥಾಲಯಕ್ಕೆ ಯಾವ ಮುಖ ಹೊತ್ತು ಮರಳಿಸಲಿ ಎನ್ನುವುದು ಬೇರೆ ಮಾತು.

ನಾನು ಬೈಲಹೊಂಗಲದಲ್ಲಿ ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ನಾಲ್ಕನೆಯ ಇಯತ್ತೆಗೆ ಶಾಲೆ ಮುಗಿಯಿತು. ಮನೆಯವರು ಬಿಡಿಸಿದರು ಎಂದು ಹೇಳಿಕೊಂಡು ತಿರುಗುತ್ತೇನೆ. ಖರೆ ಹೇಳಬೇಕೆಂದರೆ ನನಗೂ ಬೇಡವಾಗಿತ್ತು. ಅಕ್ಕ ಹಾಗಲ್ಲ. ಸವದತ್ತಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಮ್ಯಾಟ್ರಿಕ್ ಮುಗಿಸಿದಳು, ಕಟಕೋಳದ ಅಂಗನವಾಡಿಯಲ್ಲಿ ಕೂಸುಗಳಿಗೆ ಹಾಡು ಕಲಿಸುತ್ತ ವಯಸ್ಸು ಕಳೆದಳು. ಈಗಲೂ ಜನ ಅವಳನ್ನು ಅಕ್ಕೋರು ಎಂದೇ ಕರೆಯುವುದು. ಸಕ್ಕರೆ ಬೇನೆ ಕಣ್ಣಿಗಿಳಿದು ಏನೂ ಕಾಣದಾದಾಗ ನನ್ನ ಮನೆಗೆ ಬಂದಳು. ಬಂದ ದಿನವೇ ಹೇಳಿದಳು: "ಉಣ್ಣಾಕ ಏನ ಹಾಕಿದ್ರೂ ನಡೀತೈತಿ. ಓದಿ ಹೇಳೋದೊಂದು ಬಿಡಬ್ಯಾಡ."

ಹೀಗೆ ಮಧ್ಯಾಹ್ನ ಪುಸ್ತಕ, ಸಂಜೆ ಸೀರಿಯಲ್ಲು. ಸೀರಿಯಲ್ಲಿನ ಮಾತು ಅವಳಿಗೆ ಕೇಳುತ್ತಿತ್ತು, ಮುಖಗಳನ್ನು ನಾನು ಹೇಳಬೇಕು.

"ಯಾರೂ ಮಾತಾಡವಲ್ರಲ್ಲ, ಏನ ಮಾಡಾಕತ್ತಾರ?"

"ಸೊಸಿ ಅತ್ತಿನ್ನ ನೋಡಾಕತ್ತಾಳ."

"ಇನ್ನೂ?"

"ಹಾಡು ಮುಗಿಯೂತನಕ ನೋಡತಾಳ."

"ಅಷ್ಟೊತ್ತಿಗೆ ಒಲಿ ಮ್ಯಾಲಿನ ಅನ್ನ ಹೊತ್ತಿರತೈತಿ."

ಅಕ್ಕನ ಅಭಿಪ್ರಾಯಗಳು ಹೀಗೆ, ಎಲ್ಲಿಂದ ಬರುತ್ತವೆಂದು ತಿಳಿಯುತ್ತಿರಲಿಲ್ಲ. ಆ ಸೀರಿಯಲ್ಲಿನ ಕೆಟ್ಟ ಅತ್ತೆಯೆಂದರೆ ಅವಳಿಗೆ ಜೀವ. "ಉಳದಾವ್ರೆಲ್ಲಾ ಅಳತಾರ. ಆಕಿ ಒಬ್ಬಾಕಿ ಕೆಲಸ ಮಾಡತಾಳ." ಮೊಬೈಲಿನಲ್ಲಿ ಪೊಲೀಸರ ಕಥೆಯೊಂದನ್ನು ಹಚ್ಚಿದಾಗ ಕೊಲೆಗಾರ ಯಾರೆಂಬುದನ್ನು ಪೊಲೀಸರಿಗಿಂತ ಮೊದಲು ಹೇಳಿಬಿಟ್ಟಳು. ಹೇಗೆ ಎಂದು ಕೇಳಿದೆ. "ಚಾ ಬಂದಾಗ ಅವ ಯಾರಿಗೂ 'ತಗೋರಿ' ಅನ್ನಲಿಲ್ಲ. ತಾನೊಬ್ಬನ ಕುಡದ." ಕೋಟೆ, ಯುದ್ಧದ ದಪ್ಪ ಕಾದಂಬರಿಯೊಂದನ್ನು ಮುಗಿಸಿದಾಗ ಅವಳಿಗಿದ್ದದ್ದು ಒಂದೇ ಚಿಂತೆ: "ಇಷ್ಟು ಕುದುರಿ ಅದಾವ, ಮೇವು ಎಲ್ಲಿಂದ ಬರತೈತಿ ಅಂತ ಒಂದು ಸಾಲೂ ಇಲ್ಲಲ್ಲ." ಕಿತ್ತೂರಿಗೆ ಎಷ್ಟೋ ಸಲ ಹೋಗಿ ಬಂದಿದ್ದೇನೆ, ಅಲ್ಲಿನ ಕೋಟೆ ನೋಡಿ ಮೇವಿನ ವಿಚಾರ ನನಗೆ ಬಂದಿದ್ದೇ ಇಲ್ಲ. ನಿಮಗೆ ಬಂದಿದೆಯೇ?

ನನ್ನ ಓದು ಮಾತ್ರ ಕುಂಟೆತ್ತಿನ ಗಾಡಿ. ಬೆಟ್ಟ, ಬೆಳದಿಂಗಳು ಬಂದವೆಂದರೆ ಹಾಳೆ ಹಾರಿಸುತ್ತಿದ್ದೆ. "ಈ ಲೇಖಕ ಗಿಡಾ ಮರಾ ಅಂತ ಕೂಡೂದಿಲ್ಲ, ಚಲೋ ಮನಶ್ಯಾ" ಎಂದು ಅಕ್ಕ ಹೊಗಳಿದರೆ, ಆ ಹೊಗಳಿಕೆಯನ್ನು ನಾನೇ ಸದ್ದಿಲ್ಲದೆ ಇಟ್ಟುಕೊಳ್ಳುತ್ತಿದ್ದೆ.

ಹಿಟ್ಟು ಹತ್ತಿದ ಈ ಪುಸ್ತಕ ಬಟ್ಟೆ ಹೊಲಿಯುವ ಹೆಂಗಸೊಬ್ಬಳ ಕಥೆ. ಗಂಡ ಬಿಟ್ಟು ಹೋಗಿರುತ್ತಾನೆ. ಕೊನೆಯ ಅಧ್ಯಾಯ ಉಳಿದಿದ್ದ ದಿನ ಮದುವೆ ಮನೆಯೊಂದರ ರೊಟ್ಟಿಯ ಕೆಲಸ ಬಂದಿತ್ತು. ಅಕ್ಕ ಗೋಡೆಗಾನಿಸಿಕೊಂಡು ಕಾಯುತ್ತಿದ್ದಳು. ನಾನು ಹಾಳೆ ತಿರುವುವ ಸದ್ದು ಮಾಡುತ್ತ, ಬೇರೊಂದು ಸೀರಿಯಲ್ಲಿನಲ್ಲಿ ನಾನೊಬ್ಬಳೇ ನೋಡಿದ್ದ ಕೊನೆಯನ್ನು ಹೇಳಿ ಮುಗಿಸಿದೆ. ಗಂಡ ಮಳೆಯಲ್ಲಿ ತೊಯ್ದು ಬಂದ, ಕಾಲು ಹಿಡಿದ, ಅವಳು ದೀಪ ಹಚ್ಚಿದಳು.

ಅಕ್ಕ ಮುಖ ಕಿವುಚಿದಳು. "ಈ ಲೇಖಕಿ ಸೀರಿಯಲ್ ಭಾಳ ನೋಡತಾಳ. ಇಷ್ಟು ಚಲೋ ಹೊಲಕೋತ ಬಂದು ಕಡೀಕೆ ಹರದ ಬಿಟ್ಲು."

ನಾನು ಒಳಗೊಳಗೇ ನಕ್ಕೆ.

ಅಮಾವಾಸ್ಯೆಯಂದು ನಮ್ಮ ಓಣಿಯ ಹೆಂಗಸರು ಗುಡಿಯ ಕಟ್ಟೆಯ ಮೇಲೆ ಸೇರುತ್ತಾರೆ. ಓದಿದ್ದು, ನೋಡಿದ್ದು ಎಲ್ಲ ಅಲ್ಲಿ ಮಾತಿಗೆ ಬರುತ್ತದೆ, ಅಕ್ಕನ ಮಾತಿಗೆ ಎಲ್ಲರೂ ಕಾಯುತ್ತಾರೆ. ಅವತ್ತು ಆ ಕಾದಂಬರಿಯ ಕೊನೆಯನ್ನು ಅವಳು ಚೆನ್ನಾಗಿ ಝಾಡಿಸಿದಳು. ಓಣಿಗೆ ಹೊಸದಾಗಿ ಬಾಡಿಗೆಗೆ ಬಂದ ಹೈಸ್ಕೂಲು ಟೀಚರು ಸಂಕೋಚದಿಂದಲೇ ಹೇಳಿದಳು: "ಅಕ್ಕೋರ, ಅದರಾಗ ಗಂಡ ಬರೂದ ಇಲ್ಲಲ್ರಿ. ಆಕೀನ ಮನಿಗೆ ಕೀಲಿ ಹಾಕಿ ಹೋಗತಾಳ."

"ಪುಸ್ತಕಾನೂ ಸೀರಿಯಲ್ಲೂ ಕಲಸಿ ಮುದ್ದಿ ಮಾಡ್ಯಾರ ಬಿಡ್ರಿ ಅಕ್ಕೋರು" ಎಂದಳು ಎದುರು ಮನೆಯವಳು. ಎಲ್ಲರೂ ನಕ್ಕರು.

ಅಕ್ಕ ನಾನು ಕುಳಿತ ದಿಕ್ಕಿಗೆ ಮುಖ ತಿರುಗಿಸಿದಳು. "ಹೌದೇನ? ನೀ ಏನ ಓದಿದ್ದಿ?"

"ನನಗೂ ಸರಿ ನೆನಪಿಲ್ಲಕ್ಕಾ" ಎಂದೆ.

ಮನೆಗೆ ಬರುವಾಗ ನನ್ನ ಮೊಳಕೈ ಹಿಡಿದಿದ್ದ ಅವಳ ಕೈ ತಣ್ಣಗಿತ್ತು. "ಅವ್ವನ ಹಾದಿ ಹಿಡದ್ನೇನ ನಾ" ಎಂದಳು. ನಮ್ಮವ್ವ ಕಡೆಗಾಲದಲ್ಲಿ ನಮ್ಮಿಬ್ಬರ ಹೆಸರನ್ನೂ ಮರೆತಿದ್ದಳು.

ಆಮೇಲೆ ಅಕ್ಕ ಕಟ್ಟೆಗೆ ಹೋಗಲಿಲ್ಲ. ಪುಸ್ತಕ ಕೇಳಲಿಲ್ಲ. ಸೀರಿಯಲ್ಲು ಹಚ್ಚಿ, ಯಾರದು ಖರೆ ಅಕ್ಕಾ ಎಂದರೆ "ನನಗೇನ ತಿಳೀತೈತಿ, ನೀನ ಹೇಳ" ಎನ್ನುವಳು. ನುಂಗಿದ ಗುಳಿಗೆಯನ್ನು ನುಂಗಿದೆನೇ ಎಂದು ಮತ್ತೆ ಮತ್ತೆ ಕೇಳುವಳು. ಒಂದು ಮುಂಜಾನೆ ಹಾಸಿಗೆಯಲ್ಲಿ ಕುಳಿತು ಏನೋ ಗುಣುಗುಣು ಅನ್ನುತ್ತಿದ್ದಳು. ದೇವರ ನಾಮವೆಂದುಕೊಂಡು ಕಿವಿಗೊಟ್ಟೆ. ಅಂಗನವಾಡಿಯ ಕೂಸುಗಳ ಹೆಸರು. ಒಂದು ಹೆಸರಿಗೆ ತಡೆದು, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ನಾನು ಕೇಳದವಳಂತೆ ರೊಟ್ಟಿ ಬಡಿದೆ, ಸ್ವಲ್ಪ ಜೋರಾಗಿಯೇ ಬಡಿದೆ.

ಇವತ್ತು ಪುಸ್ತಕ ಸಿಕ್ಕಿತೆಂದೆನಲ್ಲ, ಕೆಲಸ ಬಿಟ್ಟು ಅಲ್ಲೇ ಕುಳಿತು ಕೊನೆಯ ಅಧ್ಯಾಯ ಓದಿದೆ. ಒಬ್ಬಳೇ, ಒಂದಕ್ಷರ ಹಾರಿಸದೆ. ಆ ಹೆಂಗಸು ಕೀಲಿ ಹಾಕಿ ಬಸ್ ಸ್ಟ್ಯಾಂಡಿಗೆ ಹೋಗುತ್ತಾಳೆ. ಬಸ್ಸೂ ಬರುತ್ತದೆ. ಹತ್ತುವುದಿಲ್ಲ. ತಿರುಗಿ ಬಂದು, ಬಾಗಿಲು ತೆರೆದು, ನೆರೆಮನೆಯ ಹುಡುಗಿಯ ಅರೆಹೊಲಿದ ಕುಪ್ಪಸವನ್ನು ಮುಗಿಸಿ ಕೊಟ್ಟು, ಮುಂದಿನ ಬಸ್ಸಿಗೆ ಹೋಗುತ್ತಾಳೆ. ಯಾಕೆ ಬಂದಳು? ಅಂಜಿಕೆಯೇ, ನೆವವೇ, ಕೈಯ ಚಟವೇ? ಲೇಖಕಿ ಹೇಳಿಲ್ಲ. ಎರಡು ಸಲ ಓದಿದರೂ ನನಗೆ ಹೊಳೆಯಲಿಲ್ಲ. ಪುಸ್ತಕವೊಂದು ನನ್ನನ್ನು ಹೀಗೆ ಕಾಡಿದ್ದು ಇದೇ ಮೊದಲು. ಹೇಳಬಲ್ಲವಳು ಒಬ್ಬಳೇ. ಅವಳು ನಡುಮನೆಯಲ್ಲಿ ಟಿವಿಯ ಮುಂದೆ, ಏನನ್ನೂ ಕೇಳದೆ ಕುಳಿತಿದ್ದಳು.

ಹೋಗಿ ಟಿವಿ ಆರಿಸಿದೆ.

"ಯಾಕ ಬಂದ್ ಮಾಡಿದಿ? ಮುಗೀತೇನ? ಮುಗದದ್ದೂ ನನಗ ತಿಳೀವಲ್ದು ನೋಡ."

ಅವಳ ಮಗ್ಗುಲಿಗೆ ಕುಳಿತೆ. ಈ ಸಲ ಏನನ್ನೂ ಹಾರಿಸಲಿಲ್ಲ.

"ಅಕ್ಕಾ, ನೀ ಏನೂ ಮರತಿಲ್ಲ. ಆ ಕಡೀ ಅಧ್ಯಾಯ ನಾ ಓದೇ ಇರಲಿಲ್ಲ, ಸೀರಿಯಲ್ದಾಗಿಂದು ತಂದು ಹಚ್ಚಿದ್ದೆ. ಕಟ್ಟಿ ಮ್ಯಾಲ ಎಲ್ಲಾರೂ ನಗೂವಾಗ ಹೇಳಬೇಕಾಗಿತ್ತು, ಹೇಳಲಿಲ್ಲ. ನೀ ನಿನ್ನ ತಲೀ ಮ್ಯಾಲ ಹಾಕ್ಕೊಂಡಿ, ಆಗೂ ಸುಮ್ಮನಿದ್ದೆ. ತಪ್ಪಾತಕ್ಕಾ."