ತಲೆ ಸುತ್ತಿಸಿಕೊಳ್ಳುವುದೇ ಇವರ ಕಸುಬು

ಬೀದಿದೀಪಗಳು ಇನ್ನೂ ಆರಿಲ್ಲ. ಕಟ್ಟಡದ ಮೇಲಿನ ಮಹಡಿಯ ಕೋಣೆಯಲ್ಲಿ ಐವತ್ತರ ಹತ್ತಿರದ ಹೆಂಗಸೊಬ್ಬರು ಕುರ್ಚಿಯ ಮೇಲೆ ಕೂತು ಕೂದಲನ್ನು ಬಿಗಿಯಾಗಿ ಗಂಟು ಹಾಕಿಕೊಳ್ಳುತ್ತಿದ್ದಾರೆ. ಹೊಟ್ಟೆಯಲ್ಲಿ ಒಂದು ಬಿಸ್ಕತ್ತು, ಅರ್ಧ ಲೋಟ ನೀರು ಬಿಟ್ಟರೆ ಬೇರೇನೂ ಇಲ್ಲ. ಕಾಲ ಬಳಿ ಮುಚ್ಚಳವಿರುವ ಬಕೆಟ್, ತೊಡೆಯ ಮೇಲೆ ಒದ್ದೆ ಟವೆಲ್. ಮೇಲಿನಿಂದ ಇಳಿಬಿದ್ದ ದಪ್ಪ ಕೇಬಲ್ಲಿನ ತುದಿಯಲ್ಲಿ ಕಣ್ಣಿಗೆ ತೊಡುವ, ಎರಡೂ ಕಿವಿಗಳವರೆಗೆ ಚಾಚಿಕೊಂಡ ಅಗಲವಾದ ಕಪ್ಪು ಹೆಡ್‌ಸೆಟ್. ಕೇಬಲ್ಲಿನ ಇನ್ನೊಂದು ತುದಿ ಮೂಲೆಯಲ್ಲಿ ಗುಂಯ್‌ಗುಡುವ ಕಂಪ್ಯೂಟರಿಗೆ ಹೋಗಿ ಸೇರುತ್ತದೆ.

“ಹಾಕ್ಲಾ ಅಕ್ಕ?” ಎನ್ನುತ್ತಾಳೆ ತಂಡದ ಮುಖ್ಯಸ್ಥೆ, ಮಗಳ ವಯಸ್ಸಿನ ಎಂಜಿನಿಯರ್.

“ಹಾಕಮ್ಮ. ಬೇಗ ಶುರುವಾದ್ರೆ ಬೇಗ ಮುಗಿಯುತ್ತೆ.”

ಅಕ್ಕ ಕೂತಲ್ಲೇ ಕೂತಿದ್ದಾರೆ. ಅವರ ಕಣ್ಣಿಗೆ ಮಾತ್ರ ತಿರುವುಗಳ ರಸ್ತೆಯೊಂದು ಓಡುತ್ತಿದೆ, ಪಕ್ಕದ ಮರಗಳು ಹಿಂದಕ್ಕೆ ಹಾರುತ್ತಿವೆ. ಕುರ್ಚಿಯ ಕೈಯನ್ನು ಹಿಡಿದ ಬೆರಳುಗಳು ಬಿಳಚಿಕೊಳ್ಳುತ್ತವೆ. “ದವಡೇಲಿ ನೀರೂರ್ತಿದೆ... ಕಿವಿ ಹಿಂದೆ ಬೆವರು ಬಂತು... ಸಾಕು, ತೆಗಿ, ತೆಗಿ!” ಹೆಡ್‌ಸೆಟ್ ಕಳಚುವಷ್ಟರಲ್ಲಿ ಅವರು ಬಕೆಟ್ಟಿನ ಮೇಲೆ ಬಾಗಿರುತ್ತಾರೆ. ಎಂಜಿನಿಯರ್ ಒಂದು ಕೈಯಲ್ಲಿ ಅವರ ಬೆನ್ನು ಸವರುತ್ತ ಇನ್ನೊಂದು ಕೈಯಲ್ಲಿ ಕೀಲಿಮಣೆ ಕುಟ್ಟುತ್ತಾಳೆ.

ಇದೇ ಇವರ ಕೆಲಸ. ತಂಡದವರು ಪ್ರೀತಿಯಿಂದ ಇಟ್ಟ ಹೆಸರು ಗಿರಗಿಟ್ಲೆ ಅಕ್ಕ.

ಇಲ್ಲದ ಲೋಕವನ್ನು ಕಣ್ಣಮುಂದೆ ತರುವ ಮಾಮೂಲಿ ವಿಆರ್ ಹೆಡ್‌ಸೆಟ್ ತೊಟ್ಟರೆ ಬಾಗಿಲ ಸಂದಿಯಿಂದ ಇಣುಕಿದ ಹಾಗಿರುತ್ತದೆ, ಸುತ್ತಲೂ ಕತ್ತಲು. ಈ ಪುಟ್ಟ ಕಂಪನಿ ಕಟ್ಟುತ್ತಿರುವ ಹೆಡ್‌ಸೆಟ್ಟಿನಲ್ಲಿ ಓರೆಗಣ್ಣಿಗೂ ದೃಶ್ಯ ಕಾಣುತ್ತದೆ. ಅದರ ಹೆಚ್ಚುಗಾರಿಕೆಯೂ ಅದೇ, ಪೀಕಲಾಟವೂ ಅದೇ. ಕಣ್ಣಂಚಿನಲ್ಲಿ ಮರ, ಗೋಡೆ ಓಡಿದರೆ ಕಣ್ಣು ‘ಹೊರಟೆವು’ ಎನ್ನುತ್ತದೆ. ಕಿವಿಯೊಳಗೆ ಸಮತೋಲ ಕಾಯುವ ಅಂಗ ‘ಇಲ್ಲೇ ಇದ್ದೇವಲ್ಲ’ ಎನ್ನುತ್ತದೆ. ಇಬ್ಬರ ಜಗಳಕ್ಕೆ ದಂಡ ತೆರುವುದು ಹೊಟ್ಟೆ. ಚಿತ್ರವನ್ನು ಎಲ್ಲೆಲ್ಲಿ ತಿದ್ದಿದರೆ ಈ ಜಗಳ ಅಡಗುತ್ತದೆಂದು ತಿಳಿಯಲು ಬೇಗನೆ ತಲೆ ಸುತ್ತುವ ಒಬ್ಬರು ಬೇಕು.

ಅಕ್ಕ ಇಲ್ಲಿಗೆ ಬಂದದ್ದು ನೆಲ ಒರೆಸಲು. ಒಂದು ದಿನ ಹುಡುಗರು ತಮಾಷೆಗೆಂದು ಹೆಡ್‌ಸೆಟ್ ತೊಡಿಸಿದರು. ಕಣ್ಣುಮಿಟುಕಿಸುವಷ್ಟರಲ್ಲಿ ಅಕ್ಕ ಕಸದ ಬುಟ್ಟಿ ಹುಡುಕುತ್ತಿದ್ದರು. ತಮಗೆಲ್ಲ ಅಭ್ಯಾಸವಾಗಿ ಏನೂ ಅನ್ನಿಸದೆ ಪರದಾಡುತ್ತಿದ್ದ ಹುಡುಗರಿಗೆ ಹೋದ ಜೀವ ಬಂದಂತಾಯಿತು. ಮರುದಿನದಿಂದಲೇ ಪೊರಕೆ ಇನ್ನೊಬ್ಬರ ಕೈಗೆ ಹೋಯಿತು.

“ನಂಗೇನೂ ಗೊತ್ತಿಲ್ಲಪ್ಪ, ಎಲ್ಲಾ ಗೊತ್ತಿರೋದು ನನ್ನ ಹೊಟ್ಟೆಗೆ,” ಎಂದು ನಗುತ್ತಾರೆ. ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಬೆಳಗಿನ ಸುತ್ತು ಮುಗಿದ ಮೇಲೆ ಗೋಡೆಗೆ ಮುಖ ಮಾಡಿ ಬೆಂಚಿನ ಮೇಲೆ ಮಲಗಬೇಕು, ಮಧ್ಯಾಹ್ನ ಮತ್ತೊಂದು ಸುತ್ತಿಗೆ ಏಳಬೇಕು. ಮನೆಯಲ್ಲಿ ಒಗ್ಗರಣೆಯ ವಾಸನೆ ಹತ್ತಿದರೆ ಹೊಟ್ಟೆ ತೊಳಸುತ್ತದೆ. ಬಗ್ಗಿ ಒಂದು ಚಮಚ ಎತ್ತಿಕೊಳ್ಳಲೂ ಗೋಡೆಯ ಆಸರೆ ಬೇಕು. “ಹಾಸಿಗೇನೂ ದೋಣಿ ಥರ ಆಡುತ್ತೆ. ನಿದ್ದೆ ಬರೋದಲ್ಲ, ಸುಸ್ತಾಗಿ ಬಿದ್ಕೊಳ್ಳೋದು.”

ಅವರ ಗಂಡ ಶಾಲಾ ಮಕ್ಕಳ ವ್ಯಾನಿನ ಚಾಲಕ. ಹಾಗಿದ್ದೂ ಹೆಂಡತಿ ಎಲ್ಲಿಗೆ ಹೋದರೂ ಕಾಲ್ನಡಿಗೆಯೇ, ಏಕೆಂದರೆ ಚಿಕ್ಕಂದಿನಿಂದಲೂ ಗಾಡಿ ಹತ್ತಿದರೆ ವಾಂತಿ. ಬೇರೆ ಊರಿನಲ್ಲಿರುವ ತಂಗಿಯ ಮನೆಯನ್ನು ಅವರು ಫೋಟೋದಲ್ಲಿ ಮಾತ್ರ ನೋಡಿದ್ದರು.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅಕ್ಕನ ತಲೆ ಸುತ್ತಲಿಲ್ಲ. ಮಾರನೆಯ ದಿನವೂ ಇಲ್ಲ. ರಸ್ತೆ ಓಡಿತು, ಮರ ಹಾರಿತು, ಅಕ್ಕ ಕಲ್ಲಿನಂತೆ ಕೂತೇ ಇದ್ದರು.

“ಸುಳ್ಳು ಹೇಳ್ಬಹುದಿತ್ತು. ಬಾಯಿಗೆ ಟವೆಲ್ ಒತ್ಕೊಂಡಿದ್ರೆ ಯಾರಿಗೆ ಗೊತ್ತಾಗ್ತಿತ್ತು? ಆದ್ರೆ ನನ್ನ ಮಾತು ನಂಬ್ಕೊಂಡು ಅದನ್ನ ಯಾರದೋ ತಲೆಗೆ ಹಾಕ್ತಾರಲ್ಲ. ಅದಕ್ಕೇ ಏನೂ ಆಗ್ತಿಲ್ಲ ಅಂದ್ಬಿಟ್ಟೆ.”

ಎಂಜಿನಿಯರ್ ಮುಖ ಸಪ್ಪಗಾಯಿತು. “ನಿಮಗೂ ಅಭ್ಯಾಸ ಆಗ್ಹೋಗಿದೆ ಅಕ್ಕ. ಸ್ವಲ್ಪ ದಿನ ಮನೇಲಿರಿ, ಇದನ್ನ ಮುಟ್ಟೋದೇ ಬೇಡ,” ಎಂದಳು. ಮತ್ತೆ ಕರೆಯುತ್ತೇನೆ ಎಂದಳೇ ಹೊರತು ಯಾವಾಗ ಎನ್ನಲಿಲ್ಲ. ಪೊರಕೆಯೂ ಕೈಬಿಟ್ಟಿತ್ತು, ಕುರ್ಚಿಯೂ ಹೋಯಿತು. ಅಕ್ಕ ಮನೆಯಲ್ಲಿ ಸುಮ್ಮನೆ ಕೂತರು.

ಭಾನುವಾರ ಗಂಡ ವ್ಯಾನನ್ನು ಬಾಗಿಲಿಗೆ ತಂದು ನಿಲ್ಲಿಸಿದರು. “ಈಗ ತಲೆ ಸುತ್ತಲ್ವಲ್ಲ, ಒಂದು ಕೈ ನೋಡೇಬಿಡೋಣ, ಹತ್ತು,” ಎಂದರು. ಅಕ್ಕ ಸೆರಗಿನಲ್ಲಿ ಪ್ಲಾಸ್ಟಿಕ್ ಚೀಲ ಮುಚ್ಚಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಸೇತುವೆ ದಾಟಿತು. ಏರು ಬಂತು, ಇಳಿಜಾರು ಬಂತು. ಚೀಲ ಮಡಿಸಿದ್ದು ಮಡಿಸಿದಂತೆಯೇ ಉಳಿಯಿತು. ಬಾಗಿಲು ತೆರೆದ ತಂಗಿ ಅಕ್ಕನನ್ನು ನೋಡಿ, “ನಡ್ಕೊಂಡ್ ಬಂದ್ಯೇನೇ?” ಎಂದು ಕೂಗಿಕೊಂಡಳಂತೆ. ಅಕ್ಕ ತಂಗಿಯರು ಸಂಜೆಯವರೆಗೂ ಹೊಸಿಲ ಮೇಲೆ ಕೂತು ಹರಟಿದರು. “ದಾರೀಲಿ ಇವರು ಎಷ್ಟು ಚೆನ್ನಾಗಿ ಗಾಡಿ ಓಡಿಸ್ತಾರೆ ಅಂತ ಆವತ್ತೇ ನೋಡಿದ್ದು,” ಎನ್ನುವಾಗ ಅಕ್ಕನ ದನಿ ತಗ್ಗುತ್ತದೆ.

ಕೆಲವು ವಾರಗಳ ನಂತರ ಕರೆ ಬಂತು. ಆ ಬೆಳಿಗ್ಗೆ ಅಕ್ಕ ಕುರ್ಚಿಯಲ್ಲಿ ಕೂತು ಏನನ್ನು ಬೇಡಿಕೊಳ್ಳಬೇಕೆಂದೇ ತೋಚದೆ ಕಣ್ಣು ತೆರೆದರು. ಮೊದಲ ತಿರುವಿಗೇ ಕಿವಿಯ ಹಿಂದೆ ಬೆವರೊಡೆಯಿತು. “ಬಂತು!” ಎಂದು ಎಂಜಿನಿಯರ್ ಚಪ್ಪಾಳೆ ತಟ್ಟಿದಳು. ಅಕ್ಕ ಬಕೆಟ್ಟಿನಿಂದ ತಲೆಯೆತ್ತಿದಾಗ ಅವಳ ಕೈಗಳು ಗಾಳಿಯಲ್ಲೇ ನಿಂತಿದ್ದವು. “ಖುಷಿ ಪಡಬಾರದಿತ್ತು ನಾನು. ಕ್ಷಮಿಸಿ ಅಕ್ಕ.”

“ಪಡು ತಾಯಿ, ಯಾರಾದ್ರೂ ಪಡ್ಬೇಕಲ್ಲ,” ಎಂದು ಅಕ್ಕ ಬಾಯಿ ಒರೆಸಿಕೊಂಡರು. ತಮ್ಮಷ್ಟಕ್ಕೆ ಹೇಳಿಕೊಂಡಂತೆ, “ಇದನ್ನ ಕೊಂಡೋರು ಮನೇಲಿ ಹಾಯಾಗಿ ಕೂತು ನೋಡ್ಲಿ. ಅವರ ಪಾಲಿಂದೂ ನಾನೇ ಸುತ್ತಿಸ್ಕೊಂಡು ಮುಗಿಸಿರ್ತೀನಿ,” ಎಂದರು.

ಆವತ್ತು ಸಂಜೆ ಗೇಟಿನ ಬಳಿ ಗಂಡ ವ್ಯಾನು ತಂದಿದ್ದರು, ಪಕ್ಕದ ಸೀಟಿನ ಧೂಳನ್ನೂ ಕೊಡವಿದ್ದರು. ಹೆಂಡತಿಯ ಬಿಳಚಿದ ಮುಖ ಕಂಡದ್ದೇ ತಡ, ಗಾಡಿಯನ್ನು ಅಲ್ಲೇ ಬದಿಗೆ ನಿಲ್ಲಿಸಿ, ಬೀಗ ಹಾಕಿ ಕೆಳಗಿಳಿದು ತೋಳು ಚಾಚಿದರು. ಇಬ್ಬರೂ ಕತ್ತಲಾಗುತ್ತಿದ್ದ ರಸ್ತೆಯ ಅಂಚು ಹಿಡಿದು ಹೊರಟರು.

ಅರ್ಧ ದಾರಿಯಲ್ಲಿ ಗಂಡ ನಿಟ್ಟುಸಿರಿಟ್ಟರು. “ಒಳ್ಳೇ ಫಜೀತಿ ಕಣೇ. ನಿನ್ನ ತಲೆ ಸುತ್ತದಿದ್ರೆ ಮನೆ ನಡೆಯಲ್ಲ, ಸುತ್ತಿದ್ರೆ ನಾನು ನಡೀಬೇಕು.”

ಅಕ್ಕ ಅವರ ತೋಳನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡರು. “ಸುಮ್ನಿರಿ, ನಗಿಸ್ಬೇಡಿ. ನಕ್ರೆ ಇನ್ನೂ ಜಾಸ್ತಿ ಸುತ್ತುತ್ತೆ.”