ಬಾಣಂತಿಯ ಕಾವು

ಬಾಣಂತಿ ಕೋಣೆಯ ಸಾಂಬ್ರಾಣಿ ಹೊಗೆ ಎಂದರೆ ನನಗೆ ಇವತ್ತಿಗೂ ವಾಕರಿಕೆ. ಜನ ಅದನ್ನು ಸುವಾಸನೆ ಎನ್ನುತ್ತಾರೆ. ಎನ್ನಲಿ. ಆ ಹೊಗೆ ಏನೇನನ್ನು ಮುಚ್ಚಿಡಬಲ್ಲದು ಎಂದು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ಅಕ್ಕ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಹೆತ್ತು, ಬಾಣಂತನಕ್ಕೆಂದು ಲೊಕ್ಕನಹಳ್ಳಿಗೆ, ನಮ್ಮವ್ವನ ಮನೆಗೆ ಬಂದಿದ್ದಳು. ಕೊಳ್ಳೇಗಾಲದಲ್ಲೇ ಕೆಲಸಕ್ಕಿದ್ದ ನಾನು ಭಾನುವಾರ ಮಗು ನೋಡಲು ಹೋದೆ. ಕಡು ಬೇಸಿಗೆ, ಬೀದಿನಾಯಿಗಳೂ ನೆರಳು ಬಿಟ್ಟು ಏಳುತ್ತಿರಲಿಲ್ಲ. ಒಳಗೆ ನೋಡಿದರೆ ಕಿಟಕಿಗೆ ಗೋಣಿಚೀಲ ಬಡಿದು, ಮಂಚದ ಕೆಳಗೆ ಕೆಂಡದ ಬಾಂಡ್ಲಿ ಇಟ್ಟು, ಅಕ್ಕನ ಕಿವಿಗೆ ಹತ್ತಿ ತುರುಕಿ, ಕತ್ತಿನವರೆಗೆ ಕಂಬಳಿ ಹೊದಿಸಿದ್ದರು. ಬಾಣಂತಿಯ ಮೈ ಬೆಚ್ಚಗಿರಬೇಕು, ತಣ್ಣಗಾದರೆ ನಂಜು. ನಮ್ಮವ್ವನ ವೈದ್ಯಶಾಸ್ತ್ರ ಅಲ್ಲೇ ಶುರು, ಅಲ್ಲಿಗೇ ಮುಗಿಯಿತು.

ನೆರೆಮನೆ ಹೆಂಗಸರು ಒಬ್ಬೊಬ್ಬರಾಗಿ ಬಂದು, ಹೆಂಚು ಕಾದಿದೆಯೇ ಎಂದು ನೋಡುವ ಹಾಗೆ ಅಕ್ಕನ ಹಣೆ ಮುಟ್ಟಿ, ಮೆಚ್ಚಿಕೊಂಡು ಹೋಗುತ್ತಿದ್ದರು.

“ಒಳ್ಳೆ ಕಾವು ಕೂತದೆ ಕಣವ್ವ. ಬಾಣಂತನ ಅಂದ್ರೆ ನಿಂದೇಯ.”

ಅವ್ವ ಹಿಗ್ಗಿ ಹೀರೇಕಾಯಿಯಾದಳು.

ಒಡೆದ ತುಟಿಯಲ್ಲಿ ಅಕ್ಕ “ನೀರು” ಎಂದಳು. ಅವ್ವ ಒಂದು ಗುಟುಕು ಬಿಸಿನೀರು ಕುಡಿಸಿ ಲೋಟ ಕಿತ್ತುಕೊಂಡಳು. ನಾನು ಅಕ್ಕನ ಕೈ ಹಿಡಿದೆ. ಕೈ ಸುಡುತ್ತಿತ್ತು, ಅಷ್ಟು ಕಂಬಳಿಯೊಳಗೂ ಅವಳು ಗಡಗಡ ನಡುಗುತ್ತಿದ್ದಳು. ಮಗುವಿಗೆಂದು ತಂದಿದ್ದ ಥರ್ಮಾಮೀಟರನ್ನು ಅವಳ ಕಂಕುಳಲ್ಲಿಟ್ಟೆ. ನೂರಮೂರು ದಾಟಿತು.

“ಅವ್ವ, ಇದು ಜ್ವರ ಕಣವ್ವ.”

“ಕೆಂಡದ ಮುಂದ್ಕೆ ಮಡಗಿದ್ರೆ ಇನ್ನೇನ್ ತೋರ್ಸದು ಅದು? ಸುಮ್ಕಿರಮ್ಮಿ, ಮೈ ಕಾದ್ರೆ ಕೆಟ್ಟ ರಕ್ತ ಓಯ್ತದೆ.”

ಕೆಟ್ಟ ರಕ್ತವಂತೆ! ಕಂಬಳಿ ಎತ್ತಿದೆ. ಸಾಂಬ್ರಾಣಿಯನ್ನೂ ಬೆಳ್ಳುಳ್ಳಿಯನ್ನೂ ಮೀರಿ ಕೊಳೆತ ನಾತ ಮುಖಕ್ಕೆ ರಾಚಿತು. ಬಟ್ಟೆಗೆ ಹತ್ತಿದ್ದು ಬರೀ ರಕ್ತವಲ್ಲ, ಹಸಿರುಗಟ್ಟಿದ ಕೀವು. ಅದರ ಮೇಲೆ ದಿನಾ ಹೊಗೆ ಹಾಕಿ, ಹಣೆ ಮುಟ್ಟಿ, ಹೊಗಳಿ ಹೋಗಿದ್ದರಲ್ಲ ಈ ಮಹಾತಾಯಂದಿರು! ಅಂಗಳಕ್ಕೆ ಓಡಿ ವಾಂತಿ ಮಾಡಿಕೊಂಡೆ. ಬಾಯಿ ತೊಳೆದವಳೇ, ಜಗಲಿಯಲ್ಲಿ ಕೂತಿದ್ದ ಅಕ್ಕನ ಗಂಡನಿಗೆ ಕಾರು ತರಲು ಹೇಳಿದೆ.

ಕೊಳ್ಳೇಗಾಲದಲ್ಲಿ ಡಾಕ್ಟರಮ್ಮ ನೋಡಿ, ಗರ್ಭಕೋಶಕ್ಕೆ ಸೋಂಕಾಗಿದೆ, ರಕ್ತಕ್ಕೂ ಏರುತ್ತಿದೆ, ಉಳಿದರೆ ಪುಣ್ಯ ಎಂದರು. “ಇಷ್ಟು ದಿನ ಏನು ಮಾಡ್ತಿದ್ರಿ?”

“ಬೆಚ್ಚಗೆ ಮಡಗಿದ್ವಿ ಕಣ್ರವ್ವ,” ಎಂದಳು ಅವ್ವ, ಜಂಬದಿಂದ.

ಆ ಬಟ್ಟೆ ನೋಡಿದಾಗ ಆದದ್ದಕ್ಕಿಂತ ಹೆಚ್ಚು ಹೇಸಿಗೆ ನನಗೆ ಆಗ ಆಯಿತು.

ಇಂಜೆಕ್ಷನ್ ಕೊಟ್ಟರು, ಡ್ರಿಪ್ ಏರಿಸಿದರು, ಕಂಬಳಿ ಕಿತ್ತೆಸೆದು ಫ್ಯಾನಿನ ಕೆಳಗೆ ಮಲಗಿಸಿದರು. ಎರಡು ದಿನ ನಮಗೆ ಏನೂ ಹೇಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಕ್ಕ ಅಲುಗಾಡದೆ ಮಲಗಿದ್ದಳು. ಅವ್ವ ಹಣೆ ಮುಟ್ಟಿದವಳೇ ಬಾಯಿ ಬಡಿದುಕೊಂಡಳು.

“ಅಯ್ಯೋ, ನನ್ ಮಗ್ಳು ತಣ್ಣಗಾಗೋದ್ಲಲ್ಲಪ್ಪೋ!”

ವಾರ್ಡೆಲ್ಲ ಎದ್ದು ಕೂತಿತು. ನಾನೂ ಮಂಚದ ಬಳಿಗೆ ಓಡಿದೆ. ಅಕ್ಕ ಕಣ್ಣು ತೆರೆಯದೆಯೇ ಅವ್ವನ ಕೈಯನ್ನು ತಳ್ಳಿದಳು.

“ಮುಟ್ಬ್ಯಾಡ ಕಣವ್ವ. ಈಗ್ತಾನೆ ತಣ್ಣಗಾಗಿವ್ನಿ.”