ಗಿಟಾರಿನ ಹೊಟ್ಟೆಯಲ್ಲಿದ್ದ ಮರ

ರಾಜಾಜಿನಗರದ ಚನ್ನವೀರಪ್ಪನವರಿಗೆ ಕಾರ್ಖಾನೆಯ ಸ್ಟೋರ್ಸಿನಲ್ಲಿ ಬಂದ ಮಾಲು ಪರೀಕ್ಷಿಸುವ ಕೆಲಸ. ಹೇಳಿಮಾಡಿಸಿದ ಕೆಲಸ, ಏಕೆಂದರೆ ಮನುಷ್ಯ ಹುಟ್ಟಾ ಅನುಮಾನಿ. ಹಾಲಿನವನು ಎದುರಿಗೇ ಕರೆದುಕೊಟ್ಟರೂ, ಹಸುವಿಗೆ ಬೇಕಂತಲೇ ನೀರು ಕುಡಿಸಿ ತಂದಿದ್ದಾನೆ ಎನ್ನುವವರು.

ಇಂಥವರಿಗೆ ೧೯೭೫ರಲ್ಲಿ ಬಾಮೈದ ಗಂಗಾಧರಯ್ಯ ಒಂದು ಹಳೆಯ ಎಲೆಕ್ಟ್ರಿಕ್ ಗಿಟಾರನ್ನು ಪುಕ್ಕಟೆ ತಂದುಕೊಟ್ಟ. ಅವನು ಬಾರಿಸುತ್ತಿದ್ದ ಹೋಟೆಲಿನ ಬ್ಯಾಂಡು ಮುಚ್ಚಿದ ಮೇಲೆ, ಗುಮಾಸ್ತನಾಗಿ ಕುರುಬರಹಳ್ಳಿಯಲ್ಲಿ ಒಂದು ಕೋಣೆ ಹಿಡಿದಿದ್ದ.

"ಗಿಬ್ಸನ್ ಕಂಪನೀದು ಭಾವ. ತ್ರೀ ತರ್ಟಿಫೈವ್ ಮಾಡೆಲ್ಲು ಅಂತಾರೆ. ನಿಮ್ಮನೇಲೇ ಇರ್ಲಿ."

ಚನ್ನವೀರಪ್ಪನವರ ಹೆಂಡತಿ, ತಂದೆ ತಾಯಿ ಇಲ್ಲದ ಜಯದೇವಿಗೆ ತವರು ಎಂದು ಉಳಿದಿದ್ದವನು ಈ ತಮ್ಮ ಒಬ್ಬನೇ. ಭಾನುವಾರ ಬಂದು, ಅಕ್ಕನ ಕೈಯಡುಗೆ ಉಂಡು, ಸಂಜೆವರೆಗೆ ಗಿಟಾರು ಬಾರಿಸಿ ಹೋಗುತ್ತಿದ್ದ. ಆಕೆಯ ವಾರವೆಲ್ಲ ಆ ಒಂದು ದಿನಕ್ಕಾಗಿಯೇ ಇತ್ತು.

ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತಾರೆ. ಚನ್ನವೀರಪ್ಪನವರು ದವಡೆಯನ್ನೇ ಅಗಲಿಸಿ ನೋಡುವವರು. ಸುಮ್ಮನೆ ಯಾರು ಕೊಡುತ್ತಾರೆ? ಕದ್ದ ಮಾಲೋ, ಖೋಟಾ ಮಾಲೋ? ಮಾಡೆಲ್ಲಿನ ಹೆಸರಿರುವ ಚೀಟಿ ಗಿಟಾರಿನ ಒಳಗೆ ಅಂಟಿಸಿರುತ್ತಾರಂತೆ. ಇದರಲ್ಲಿ ಬರೀ ಅಂಟಿನ ಕಲೆ ಇತ್ತು. ಬೆರಳಿನಿಂದ ಬಡಿದು ನೋಡಿದರು. ಎರಡು ಬದಿ ಪೊಳ್ಳು, ನಡುಮಧ್ಯ ಗಟ್ಟಿ. ಮೈಮೇಲಿನ ಸೀಳಿನೊಳಗೆ ಹೆಂಡತಿಯ ಹೆಣಿಗೆ ಕಡ್ಡಿ ತೂರಿಸಿದರು. ಅದು ಮರಕ್ಕೆ ತಗುಲಿ ನಿಂತಿತು. ಅವರ ತಂದೆ ಭಜನೆಯಲ್ಲಿ ತಂಬೂರಿ ಮೀಟುತ್ತಿದ್ದವರು. ಬುರುಡೆ ಪೊಳ್ಳಿದ್ದರೇ ನಾದ ಎಂದು ಕೇಳಿ ಬೆಳೆದವರಿಗೆ ಇನ್ನೇನು ಸಾಕ್ಷಿ ಬೇಕು? ಒಳಗೆ ದಿಮ್ಮಿ ತುರುಕಿ ಯಾರೋ ಮೋಸ ಮಾಡಿದ್ದಾರೆ, ಅದು ಗಂಗಾಧರಯ್ಯನಿಗೂ ಗೊತ್ತು.

ಭಾನುವಾರ ಎಲೆಯ ಮುಂದೆ ಕೂತಿದ್ದವನಿಗೆ ಹೇಳಿಯೇಬಿಟ್ಟರು. "ಅಸಲಿ ಮಾಲು ಅಂತ ಕೊರಳಲ್ಲಿರೋ ಲಿಂಗ ಮುಟ್ಟಿ ಹೇಳು ಗಂಗಾಧರ."

ಕಲಸಿದ ಅನ್ನ ಅವನ ಕೈಯಲ್ಲೇ ಉಳಿಯಿತು. "ಗಿಟಾರಿಗೆಲ್ಲ ಲಿಂಗ ಮುಟ್ಟಿಸ್ತೀರಾ ಭಾವ? ನಾನು ಮುಟ್ಟಲ್ಲ."

ಅರ್ಧ ಊಟಕ್ಕೇ ಎದ್ದು ಹೋದ. ಮುಟ್ಟದಿದ್ದದ್ದೇ ತಪ್ಪೊಪ್ಪಿಗೆ ಎಂದರು ಚನ್ನವೀರಪ್ಪನವರು. ಮುಂದಿನ ಭಾನುವಾರಗಳಂದು ಜಯದೇವಿ ಒಬ್ಬನಿಗೆ ಹೆಚ್ಚಾಗಿಯೇ ಅಡುಗೆ ಮಾಡಿ, ಸಂಜೆ ಅದನ್ನು ಹಸುವಿಗೆ ಹಾಕುತ್ತಿದ್ದಳು.

ಗಣೇಶನ ಹಬ್ಬಕ್ಕೆ ಬೀದಿಗೆ ಬಂದ ಆರ್ಕೆಸ್ಟ್ರಾದಲ್ಲಿ ಡೆಸ್ಮಂಡ್ ಎಂಬ ಗಿಟಾರಿನವನಿದ್ದ. ಖೋಟಾ ಎಂದು ಬಾಯಿಬಿಡಿಸಲೆಂದೇ ಅವನನ್ನು ಮನೆಗೆ ಕರೆತಂದರು. ಅವನು ಸೀಳಿನೊಳಗೆ ಟಾರ್ಚು ಹಾಯಿಸಿ ನಕ್ಕ.

"ಮರ ಇರೋದಕ್ಕೇ ಇದು ತ್ರೀ ತರ್ಟಿಫೈವ್ ಸಾರ್. ಇದೇ ಥರ ತ್ರೀ ತರ್ಟಿ ಅಂತ ಇನ್ನೊಂದಿದೆ, ಅದು ಪೂರ್ತಿ ಪೊಳ್ಳು. ಮರ ಸಿಗದೆ ಇದ್ದಿದ್ರೆ ಅನುಮಾನ ಪಡ್ಬೇಕಿತ್ತು."

ಬಾಗಿಲ ಬಳಿ ನಿಂತಿದ್ದ ಜಯದೇವಿ ಗಂಡನ ಕಡೆ ತಿರುಗಿದಳು. "ನನ್ನ ತಮ್ಮನ್ನ ಕರ್ಕೊಂಡ್ ಬನ್ನಿ."

ಚನ್ನವೀರಪ್ಪನವರಿಗೆ ನಿಜಕ್ಕೂ ನಾಚಿಕೆಯಾಗಿತ್ತು. ಕುರುಬರಹಳ್ಳಿಯ ಮಹಡಿ ಕೋಣೆಗೆ ಹೋಗಿ, ಜನ್ಮದಲ್ಲೇ ಮೊದಲ ಬಾರಿಗೆ, ತಪ್ಪಾಯಿತು ಎಂದರು. ಗಂಗಾಧರಯ್ಯ ಕಾಫಿ ಕಾಸಿಕೊಟ್ಟ.

"ಮತ್ಯಾಕಪ್ಪ ಅಂಥದ್ದನ್ನ ಸುಮ್ನೆ ಕೊಟ್ಟೆ?"

"ಇಲ್ಲಿ ಬಾರಿಸ್ಬೇಡ ಅಂತಾರೆ ಕೆಳಗಡೆ ಮನೆಯೋರು. ಅಲ್ಲಿದ್ರೆ ವಾರಕ್ಕೊಂದ್ಸಲ ಬಂದು ಬಾರಿಸ್ಬೋದು, ಅಕ್ಕನೂ ಕೇಳ್ತಾಳೆ ಅಂತ." ಖಾಲಿ ಲೋಟ ತೆಗೆದುಕೊಳ್ಳುತ್ತ ಮೆತ್ತಗಾದ. "ಭಾನುವಾರ ಬರ್ತೀನಿ. ಅಕ್ಕಂಗೆ ಹೇಳಿ."

ಹಗುರಾದ ಮನಸ್ಸಿನಿಂದ ಮೆಟ್ಟಿಲಿಳಿದರು. ಇಳಿಯುತ್ತ ಇಳಿಯುತ್ತ ಒಳಗೆ ಹುಳು ಕೊರೆಯತೊಡಗಿತು. ಬರೀ ಅಷ್ಟಕ್ಕೇ ಕೊಟ್ಟನೇ? ಕಾಲು ತಾನಾಗಿಯೇ ಕೆಳಮನೆಯ ಬಾಗಿಲಿಗೆ ಹೋಯಿತು. ಮನೆಯೊಡತಿ ಶಿವಗಂಗಮ್ಮ ಹೊರಬಂದರು.

"ಮೇಲಿರೋ ಹುಡುಗನಿಗೆ ಗಿಟಾರು ಬಾರಿಸ್ಬೇಡ ಅಂದಿದ್ರಾ, ತಾಯಿ?"

"ಹೌದಪ್ಪ, ನಮ್ಮೆಜಮಾನ್ರಿಗೆ ಎದೆನೋವು. ಯಾಕೆ?"

ಏನಿಲ್ಲ ಎಂದು ತಿರುಗಿದರೆ, ಇವರು ಮರೆತುಬಂದ ಕೊಡೆಯನ್ನು ಹಿಡಿದು ಗಂಗಾಧರಯ್ಯ ಮೆಟ್ಟಿಲ ಮೇಲೆ ನಿಂತಿದ್ದ. ಕೆಳಗಿಳಿದು ಬಂದು ಕೊಡೆಯನ್ನು ಅವರ ಕೈಗಿತ್ತ.

"ಭಾನುವಾರ ಬರ್ತೀನಿ ಅಂತ ಅಕ್ಕಂಗೆ ಹೇಳ್ಬೇಡಿ ಭಾವ," ಎಂದ.